ಕೊನೇ ಬೆಂಚಿಗೆಲ್ಲ ಜ್ವರ

ಹೆಡ್‌ಮಿಸ್ ಆಗಿರುವ ನನ್ನ ಮಗಳಿಗೆ,

ಭಾನುವಾರದ ಸನ್ಮಾನಕ್ಕೆ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿಸಿದ್ದೀಯಂತೆ, ನಿನ್ನ ತಮ್ಮ ಹೇಳಿದ. ಆ ಕುರ್ಚಿಯನ್ನು ಬೇರೆ ಯಾರಿಗಾದರೂ ಕೊಡು. ನಾನು ಬರುವುದಿಲ್ಲ. ಮಂಡಿನೋವು, ತಲೆಸುತ್ತು ಎಂದು ನೆಪ ಹೇಳಿ ತಪ್ಪಿಸಿಕೊಳ್ಳುವ ಹೆಂಗಸು ನಾನಲ್ಲ, ಅದು ನಿನಗೇ ಗೊತ್ತು. ಬಾರದಿದ್ದರೆ ಕಾರಣ ಹೇಳಿಯೇ ಬಾರದಿರುತ್ತೇನೆ. ಅದಕ್ಕೇ ಈ ಕಾಗದ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಕೈಗೆ ಬಂದೊಡನೆ ನೀನು ಹೆಡ್‌ಮಿಸ್ ಆಗಿಬಿಡುತ್ತೀ. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಆಡಿ, "ಸರಿ ಅಮ್ಮ, ಮೀಟಿಂಗ್ ಇದೆ" ಎಂದು ಇಟ್ಟುಬಿಡುತ್ತೀ. ಕಾಗದದಲ್ಲಿ ನಡುವೆ ಬಾಯಿ ಹಾಕಲು ಬರುವುದಿಲ್ಲ. ಕೂತು ಪೂರ್ತಿ ಓದು. ಓದು ಬರುವವಳಿಗೆ ಇದೇನು ದೊಡ್ಡ ಕೆಲಸವಲ್ಲ.

ಮೊದಲು ನಿನಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ನಮ್ಮ ಸೂಜಿಗೆ ಓದು ಹತ್ತದಿರುವುದು ಸೋಮಾರಿತನದಿಂದಲ್ಲ ಎಂದು ಮೊದಲು ಕಂಡುಹಿಡಿದವಳು ನೀನು. ನಿನ್ನ ತಮ್ಮ ಅಪ್ಪನೆಂದು ಅವಳಿಗೆ ಗದರುತ್ತಿದ್ದ. ಸೊಸೆ ಬೇಡಿಕೊಳ್ಳುತ್ತಿದ್ದಳು. ನಾನಂತೂ ನಮ್ಮ ಲಾಂಡ್ರಿ ಅಂಗಡಿಯ ಇಸ್ತ್ರಿ ಮೇಜಿನ ಒಂದು ತುದಿಯಲ್ಲಿ ಅವಳನ್ನು ಕೂರಿಸಿ, ಒಂದೇ ಪಾಠವನ್ನು ಮತ್ತೆ ಮತ್ತೆ ಓದಿಸುತ್ತಿದ್ದೆ. ಅವಳು ನನ್ನ ಮುಖ ನೋಡಿ ಪದ ಊಹಿಸುತ್ತಿದ್ದಳೇ ಹೊರತು ಪುಸ್ತಕ ನೋಡುತ್ತಿರಲಿಲ್ಲ. ನೀನು ಒಂದು ಸಂಜೆ ಬಂದು, ಚಹಾ ಕುಡಿಯುತ್ತ ಸುಮ್ಮನೆ ಅವಳನ್ನೇ ನೋಡಿದೆ. ಆಮೇಲೆ, "ಅಮ್ಮ, ಬೈಬೇಡ. ಅವಳಿಗೆ ಅಕ್ಷರ ಒಂದ್ಕಡೆ ನಿಲ್ತಾ ಇಲ್ಲ. ಇದಕ್ಕೆ ಬೇರೆ ಥರ ಕಲಿಸ್ಬೇಕು, ಕಲಿಸೋರೇ ಕಲಿಸ್ಬೇಕು" ಎಂದೆ. ಮಗು ತಲೆ ಎತ್ತಿ ನಿನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಇದು ಅವಳ ತಪ್ಪಲ್ಲ ಎಂದು ಆವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಆ ದಿನದಿಂದ ಅತ್ತೆ ಹೇಳಿದ್ದೇ ಅವಳಿಗೆ ಕೊನೆಯ ಮಾತು. ಇದನ್ನು ಮರೆಯಬೇಡ. ಮುಂದೆ ಬೇಕಾಗುತ್ತದೆ.

ಮೆಟ್ಟಿಲ ಕೆಳಗೆ ಮುರಿದ ಬೆಂಚು ತುಂಬಿಟ್ಟಿದ್ದ ಕೋಣೆಯನ್ನು ನೀನು ಖಾಲಿ ಮಾಡಿಸಿದೆ. ಸುಣ್ಣ ಹೊಡೆಸಿದೆ. ಮೇಲಿನವರ ಹತ್ತಿರ ಜಗಳವಾಡಿ ಒಬ್ಬ ಟೀಚರನ್ನು ತಂದೆ. ಮಕ್ಕಳು ಅವಳನ್ನು ಕಿಟಕಿ ಟೀಚರ್ ಎಂದು ಕರೆಯತೊಡಗಿದರು. ಅವಳ ಕೈಯಲ್ಲಿ ಸದಾ ಒಂದು ರಟ್ಟಿನ ತುಂಡು, ಅದರ ನಡುವೆ ಕತ್ತರಿಸಿದ ಸಣ್ಣ ಕಿಂಡಿ. ಪುಸ್ತಕದ ಮೇಲೆ ಅದನ್ನಿಟ್ಟರೆ ಒಂದೇ ಒಂದು ಪದ ಕಾಣುತ್ತದೆ, ಮಿಕ್ಕಿದ್ದೆಲ್ಲ ಮುಚ್ಚಿಹೋಗುತ್ತದೆ. "ಬಾಕಿಯವೆಲ್ಲಾ ಹೊರಗೆ ಕಾಯ್ತಾ ಇರ್ಲಿ. ಒಂದೊಂದೇ ಒಳಗೆ ಬರ್ಲಿ" ಎನ್ನುತ್ತಿದ್ದಳಂತೆ. ಒರಟು ಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಕಣ್ಣು ಮುಚ್ಚಿ ಬೆರಳಿಂದ ಸವರಿಸುತ್ತಿದ್ದಳು. ಪದವನ್ನು ಒಡೆದು ಮೇಜಿನ ಮೇಲೆ ತಟ್ಟಿಸುತ್ತಿದ್ದಳು. ಮಗು ದಣಿಯುವ ಮೊದಲೇ ನಿಲ್ಲಿಸುತ್ತಿದ್ದಳು, ಅದೂ ಮಗುವಿಗೆ ಗೊತ್ತಿರುವ ಪದದಲ್ಲೇ. ಎಲ್ಲ ಮಕ್ಕಳಿಗೂ ಒಂದೇ ಮದ್ದಲ್ಲ. ಲೆಕ್ಕದಲ್ಲಿ ತಡವರಿಸುವವರಿಗೆ ಒಂದು, ಒಂದು ಕಡೆ ಕೂರಲಾರದವರಿಗೆ ಇನ್ನೊಂದು, ಸೂಜಿಗೆ ಇದು. ಸೂಜಿ ಮನೆಗೆ ಬಂದು ನನಗೇ ಪಾಠ ಮಾಡುತ್ತಿದ್ದಳು, ಟವೆಲ್ಲುಗಳ ಮೇಲೆ ಬೆರಳಲ್ಲಿ ಅಕ್ಷರ ಬರೆದು, "ಏನು ಹೇಳಜ್ಜಿ" ಎನ್ನುತ್ತಿದ್ದಳು.

ಅವಳು ತಾನಾಗಿ ಓದಿದ ಮೊದಲ ಪದ ಯಾವುದು ಎಂದು ನಿನಗೆ ಹೇಳಿರಲಿಲ್ಲ. ಹೇಳಿದರೆ ಕಣ್ಣು ಬಿದ್ದೀತು ಎನ್ನುವ ಹುಚ್ಚು ಭಯ ನನಗೆ. ನಮ್ಮ ದೊಡ್ಡ ಇಸ್ತ್ರಿ ಮಷೀನಿನ ಪಕ್ಕ ಒಂದು ತಗಡು ಹೊಡೆದಿದೆಯಲ್ಲ, "ಮುಟ್ಟಬೇಡಿ, ಬಿಸಿ" ಎಂದು. ಅವಳು ಹುಟ್ಟುವ ಮೊದಲಿನಿಂದ ಅಲ್ಲೇ ಇದೆ. ಒಂದು ಮಧ್ಯಾಹ್ನ ಅದರ ಮುಂದೆ ನಿಂತು ಗೋಡೆಗೆ ಬೆರಳು ತಟ್ಟಿದಳು. "ಬಿ. ಸಿ. ಬಿಸಿ!" ಎಂದು ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಯ್ಯೋ ಅಜ್ಜಿ, ಇದು ಇಷ್ಟ್ ದಿನದಿಂದ ನಂಗೇ ಹೇಳ್ತಿತ್ತಾ? ನಂಗೆ ಗೊತ್ತೇ ಇರ್ಲಿಲ್ಲ!" ಎಂದಳು. ಕೆಲಸದ ಹೆಂಗಸರು ನಗಾಡಿದರು. ನಾನು ನಗಲಿಲ್ಲ. ದಿಂಬಿನ ಕವರು ಮಡಿಸುವ ನೆಪದಲ್ಲಿ ಆಚೆ ತಿರುಗಿಕೊಂಡೆ.

ಅದೆಲ್ಲ ನಿನ್ನಿಂದಾದದ್ದು. ಆದ್ದರಿಂದಲೇ ಮುಂದಿನದನ್ನು ಬರೆಯಲು ಕೈ ಭಾರವಾಗುತ್ತಿದೆ. ಆದರೂ ಬರೆಯುತ್ತೇನೆ.

ನಿನ್ನ ಶಾಲೆಯಲ್ಲಿ ಸೂಜಿ ಓದುತ್ತಿದ್ದ ಐದನೇ ತರಗತಿಯ ರಿಸಲ್ಟು ಇನ್ನೊಮ್ಮೆ ಬಿದ್ದರೆ ಶಾಲೆಯನ್ನೇ ಮುಚ್ಚಿ ಮಕ್ಕಳನ್ನು ಬೇರೆ ಕಡೆ ಸೇರಿಸುತ್ತೇವೆ ಎಂದು ಮೇಲಿನಿಂದ ಮಾತು ಬಂತು. ನೀನು ನಿದ್ದೆಗೆಟ್ಟೆ, ಊಟ ಬಿಟ್ಟೆ, ನನಗೆ ಗೊತ್ತಿದೆ. ನಿನ್ನ ಕೆಳಗಿರುವ ಟೀಚರುಗಳ ಮನೆಗಳು, ಆ ಶಾಲೆ ಬಿಟ್ಟರೆ ಬೇರೆ ಶಾಲೆಗೆ ನಡೆಯಲಾಗದ ಮಕ್ಕಳು, ಎಲ್ಲವೂ ನಿನ್ನ ತಲೆಯ ಮೇಲೆ. ಆಗ ನೀನು ತರಗತಿಯನ್ನು ಮೂರು ಸಾಲು ಮಾಡಿದೆ. ಹೇಗೂ ಪಾಸಾಗುವವರು ಒಂದು ಸಾಲು. ಸ್ವಲ್ಪ ನೂಕಿದರೆ ಪಾಸಾಗುವವರು ಎರಡನೇ ಸಾಲು. ಎಷ್ಟು ನೂಕಿದರೂ ಈ ವರ್ಷ ಆಗದವರು ಕೊನೇ ಸಾಲು. ಆ ಸಣ್ಣ ಕೋಣೆಯನ್ನೂ ಕಿಟಕಿ ಟೀಚರನ್ನೂ ಎರಡನೇ ಸಾಲಿಗೆ ಕೊಟ್ಟೆ. ಯಾರಿಗಾಗಿ ಆ ಕೋಣೆಗೆ ಸುಣ್ಣ ಹೊಡೆಸಿದ್ದೆಯೋ ಅವರನ್ನೇ ಹೊರಗಿಟ್ಟೆ.

ಸೂಜಿಗೆ ಯಾರೂ ಹೇಳಿರಲಿಲ್ಲ. ಎಂದಿನಂತೆ ಪೆನ್ಸಿಲು ಹಿಡಿದು ಹೋದಳು. ಅವಳು ಕೂರುವ ಜಾಗದಲ್ಲಿ ಬೇರೆ ಹುಡುಗಿ ಕೂತಿದ್ದಳು. ಕಿಟಕಿ ಟೀಚರ್ ಬಾಗಿಲಿಗೆ ಬಂದು, "ನೀನು ಈಗ ಕ್ಲಾಸಲ್ಲೇ ಇರು ಕಂದ" ಎಂದಳಂತೆ. ಸೂಜಿ ಮನೆಗೆ ಬಂದು ನನಗೆ ಹೇಳಿದ್ದೇನು ಗೊತ್ತೇ? "ಅಜ್ಜಿ, ನಂಗೆ ಓದು ಬಂತು ಅಂತ ಕಾಣುತ್ತೆ. ನನ್ನ ಕ್ಲಾಸಿಗೇ ಕಳ್ಸಿದ್ರು." ಅಷ್ಟು ಸಂತೋಷ ಅವಳ ಮುಖದಲ್ಲಿ.

ಆ ವಾರ ನಮ್ಮ ಅಡುಗೆಮನೆಯಲ್ಲಿ ಆದ ಮಾತು ನಿನಗೆ ನೆನಪಿರಬೇಕು. ನಾನು ಕೇಳಿದೆ. ನೀನು ಚಹಾದ ಲೋಟ ಕೆಳಗಿಟ್ಟು ನಿಂತೇ ಹೇಳಿದೆ: "ಅಮ್ಮ, ಇರೋದು ಒಂದು ಕೋಣೆ, ಒಬ್ಬಳು ಟೀಚರ್. ನೀರಲ್ಲಿ ಬಿದ್ದೋರಲ್ಲಿ ದಡದ ಹತ್ರ ಇರೋರನ್ನ ತಾನೇ ಮೊದಲು ಎಳೀಬೇಕು? ಸೂಜಿಗೆ ವರ್ಷ ಪೂರ್ತಿ ಕೊಟ್ರೂ ಅವಳು ಪಾಸಾಗಲ್ಲ. ಅದೇ ಹೊತ್ತು ಬೇರೆಯೋರಿಗೆ ಕೊಟ್ರೆ ಅವರು ಪಾಸಾಗ್ತಾರೆ. ಅವಳಿಗೆ ಟೈಮ್ ಹಾಕೋದು ಈ ವರ್ಷ ದಂಡ. ಬೇಜಾರು ಮಾಡ್ಕೋಬೇಡ, ನನ್ನ ಸೋದರ ಸೊಸೆನೇ ಅಲ್ವಾ, ನಂಗೂ ಸಂಕಟ ಆಗಲ್ವಾ." ನಿನ್ನ ತಮ್ಮ ಎಂದಿನಂತೆ, "ಅಕ್ಕ ಹೇಳಿದ್ಮೇಲೆ ಸರಿನೇ ಇರುತ್ತೆ ಬಿಡಮ್ಮ" ಎಂದ. ಸೊಸೆ ಪಾತ್ರೆ ತಿಕ್ಕುತ್ತಲೇ ಇದ್ದಳು, ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು. ನಾನು ಬಿಡದೆ ಕೇಳಿದಾಗ ನೀನು ಕೊನೆಯ ಅಸ್ತ್ರ ಬಿಟ್ಟೆ: "ನೀನೇ ಕಲ್ಸಿದ್ದಲ್ವಾ ಅಮ್ಮ, ಮೂರು ರಾಶಿ ಮಾಡೋದು?"

ಹೌದು, ನಾನೇ ಕಲಿಸಿದ್ದು. ನೀನು ಸ್ಟೂಲಿನ ಮೇಲೆ ನಿಂತು ಆ ಮೇಜಿನ ಬಳಿ ಬೆಳೆದವಳು. ಆಸ್ಪತ್ರೆಯ ಹಾಸುಬಟ್ಟೆ, ಹೋಟೆಲಿನ ಟವೆಲ್ಲು, ಗಂಟುಗಂಟಾಗಿ ಬಂದು ಬೀಳುತ್ತಿದ್ದವು. ಬೆಳಕಿಗೆ ಹಿಡಿದು ನೋಡಬೇಕು. ಒಗೆದರೆ ಸಾಕು ಎನ್ನುವುದು ಎಡಕ್ಕೆ. ಹೊಲಿಗೆ ಹಾಕಿದರೆ ಇನ್ನಷ್ಟು ಕಾಲ ಬರುತ್ತದೆ ಎನ್ನುವುದು ನಡುವೆ. ಇನ್ನು ಹಾಸಲು ಬಾರದು ಎನ್ನುವುದು ಬಲಕ್ಕೆ. ನಿನ್ನಷ್ಟು ಬೇಗ ವಿಂಗಡಿಸುವ ಕೈ ಈ ಅಂಗಡಿಯಲ್ಲಿ ಆಮೇಲೆ ಬರಲೇ ಇಲ್ಲ. ನಿನ್ನ ಕೈ ತಪ್ಪಿದ್ದನ್ನು ನಾನು ಕಂಡಿಲ್ಲ. ಅದನ್ನು ಬಂದವರಿಗೆಲ್ಲ ಹೇಳಿಕೊಂಡು ಮೆರೆದವಳು ನಾನು.

ಆ ದಿನ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ. ಬಲಗಡೆಯ ರಾಶಿಯಿಂದ ನಾವು ಏನು ಮಾಡುತ್ತಿದ್ದೆವು, ನೆನಪಿದೆಯೇ? ಅದರಲ್ಲಿ ಗಟ್ಟಿಯಾಗಿ ಉಳಿದಿದ್ದ ಭಾಗವನ್ನು ಕತ್ತರಿಸಿ ತೆಗೆದು, ನಡುವಿನ ರಾಶಿಗೆ ತೇಪೆ ಹಾಕುತ್ತಿದ್ದೆವು. ನೀನೂ ಅದನ್ನೇ ಮಾಡಿದ್ದೀ. ಸೂಜಿಯ ಹತ್ತಿರ ಗಟ್ಟಿಯಾಗಿ ಇದ್ದದ್ದು ದಿನಕ್ಕೆ ಆ ಒಂದು ಹೊತ್ತು. ಅದನ್ನು ಕತ್ತರಿಸಿ ಇನ್ನೊಂದು ಮಗುವಿಗೆ ಹೊಲಿದೆ. ಹೊಲಿಗೆ ಕಾಣದಷ್ಟು ಚೆನ್ನಾಗಿಯೇ ಹೊಲಿದೆ. ಭಾನುವಾರ ನಿನಗೆ ಸನ್ಮಾನ ಮಾಡುವುದು ಆ ಹೊಲಿಗೆಗೆ. ನಿನ್ನ ಲೆಕ್ಕ ತಪ್ಪು ಎಂದು ನಾನು ಹೇಳುವುದಿಲ್ಲ. ಶಾಲೆ ಉಳಿಯಿತು, ಟೀಚರುಗಳು ಉಳಿದರು. ಆದರೆ ದಡದ ಹತ್ತಿರದವರನ್ನು ಮೊದಲು ಎಳೆಯಬೇಕು ಎಂದೆಯಲ್ಲ, ಮೊದಲು ಎಂದಮೇಲೆ ಆಮೇಲೆ ಎನ್ನುವುದು ಒಂದು ಇರಬೇಕಲ್ಲವೇ? ಆ ಆಮೇಲೆ ಯಾವತ್ತು ಬಂತು ಮಗಳೇ? ರಿಸಲ್ಟು ಬಂದು ರಜೆಯೂ ಮುಗಿಯುತ್ತ ಬಂತು. ಆಳದಲ್ಲಿದ್ದವರಿಗಾಗಿ ನೀರಿಗೆ ಇಳಿಯುವವರು ಯಾರೂ ಕಾಣಲಿಲ್ಲ.

ಇಷ್ಟೇ ಆಗಿದ್ದರೆ ನಾನು ಭಾನುವಾರ ಬಂದು ಕೂರುತ್ತಿದ್ದೆನೋ ಏನೋ. ಮುಖ ಗಂಟು ಹಾಕಿಕೊಂಡಾದರೂ ಬರುತ್ತಿದ್ದೆ. ನಾನು ಬಾರದಿರುವುದು ಪರೀಕ್ಷೆಯ ದಿನದ ಸಂಗತಿಗೆ.

ಹಿಂದಿನ ಸಂಜೆ ನೀನು ಮನೆಗೆ ಬಂದಿದ್ದೆ. ನಾನು ಆಸ್ಪತ್ರೆಯ ಗಂಟು ಬಿಚ್ಚಿಸುತ್ತಿದ್ದೆ, ಒಳಗೆ ಏನು ಮಾತಾಯಿತೋ ಕೇಳಲಿಲ್ಲ. ಬೆಳಿಗ್ಗೆ ನೋಡುತ್ತೇನೆ, ಸೂಜಿ ಎದ್ದಿಲ್ಲ. ಸೆಕೆಯ ದಿನ, ಎರಡು ಕಂಬಳಿ ಹೊದ್ದು ಮಲಗಿದ್ದಾಳೆ. ಹಣೆಯ ಮೇಲೆ ತಾನೇ ಒದ್ದೆ ಬಟ್ಟೆ ಹಾಕಿಕೊಂಡಿದ್ದಾಳೆ. ಮುಟ್ಟಿದರೆ ಮೈ ತಣ್ಣಗಿದೆ.

"ಏನೇ ಇದು ನಾಟಕ? ಏಳು, ಪರೀಕ್ಷೆಗೆ ಹೊತ್ತಾಯ್ತು" ಎಂದೆ.

"ನಂಗೆ ಜ್ವರ ಅಜ್ಜಿ."

"ಜ್ವರಾನೂ ಇಲ್ಲ, ಗಿರಾನೂ ಇಲ್ಲ. ಏಳು."

"ಇದೆ ಅಜ್ಜಿ. ನಿನ್ನೆ ಅತ್ತೆ ಹೇಳಿದ್ರು, ನಾಳೆ ನಿಂಗೆ ಜ್ವರ ಇರುತ್ತೆ ಪುಟ್ಟ, ಶಾಲೆಗೆ ಬರ್ಬೇಡ ಅಂತ."

ನಾನು ಥರ್ಮಾಮೀಟರು ತಂದು ಇಟ್ಟೆ. ಏನೂ ಇಲ್ಲ. ಅವಳಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ನನಗೆ ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು: "ಇದು ಕೆಟ್ಟೋಗಿರ್ಬೇಕು ಅಜ್ಜಿ. ಅತ್ತೆ ಹೆಡ್‌ಮಿಸ್ ಅಲ್ವಾ, ಅವರಿಗೆ ಗೊತ್ತಿರುತ್ತೆ. ನಂಗೆ ಮಾತ್ರೆ ಕೊಡು."

ಮಗಳೇ, ಆ ಮಗು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳಿದ್ದರೆ ಎರಡು ಬಿಗಿದು ಎಬ್ಬಿಸುತ್ತಿದ್ದೆ. ಅವಳು ನಂಬಿದ್ದಳು. ನಿನ್ನ ಬಾಯಿಂದ ಬಂದದ್ದಕ್ಕೆ ಇಡೀ ರಾತ್ರಿ ಜ್ವರ ಬರಲಿ ಎಂದು ಕಾದು ಮಲಗಿದ್ದಳು. ಬರಲಿಲ್ಲ ಎಂದು ಅವಳಿಗೇ ಒಂದು ಥರಾ ತಪ್ಪು ಮಾಡಿದ ಹಾಗೆ ಆಗಿತ್ತು.

ನಿನ್ನ ತಮ್ಮ ವ್ಯಾನಿನಲ್ಲಿ ಹೋಟೆಲಿನ ಬಟ್ಟೆ ತಲುಪಿಸಲು ಹೊರಟಿದ್ದ. ತಲೆ ಕೆಟ್ಟು ನಾನೂ ಹತ್ತಿ ಕೂತೆ. ನಿನ್ನ ಶಾಲೆಯ ಹಿಂದಿನ ಬೀದಿಯಲ್ಲಿ ಸಿಗ್ನಲಿಗೆ ನಿಂತಾಗ ನೋಡಿದರೆ ಮೂರು ನಾಲ್ಕು ಮಕ್ಕಳು ಚೆಂಡು ಆಡುತ್ತಿವೆ. ಒಬ್ಬ ಗೋಡೆಯ ಮೇಲೆ ಕೂತು ಬನ್ ತಿನ್ನುತ್ತಿದ್ದ. ಗಾಜು ಇಳಿಸಿ, "ಪರೀಕ್ಷೆ ಇಲ್ವೇನೋ?" ಎಂದು ಕೇಳಿದೆ.

"ನಂಗೆ ಜ್ವರ ಅಜ್ಜಿ" ಎಂದ, ಬಾಯಿ ತುಂಬ ಬನ್ ಇಟ್ಟುಕೊಂಡು.

"ಅವರಿಗೆ?"

"ಅವರಿಗೂ. ನಮ್ ಕೊನೇ ಬೆಂಚಿಗೆಲ್ಲಾ ಜ್ವರ. ಹೆಡ್‌ಮಿಸ್ ಮನೆಮನೆಗೆ ಫೋನ್ ಮಾಡಿದ್ರು."

ನಿನ್ನ ತಮ್ಮ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಎದುರಿಗೇ ನೋಡುತ್ತಿದ್ದ. ಪರೀಕ್ಷೆಗೇ ಕೂರದ ಮಗು ಫೇಲಾದವರ ಲೆಕ್ಕಕ್ಕೆ ಬರುವುದಿಲ್ಲ ಎಂದು ಇಬ್ಬರಿಗೂ ಹೊಳೆದಿತ್ತು. ಅಕ್ಕ ಮಾಡಿದ್ದು ಸರಿ ಎನ್ನುವ ಮಾತು ಆವತ್ತು ಅವನ ಬಾಯಿಂದ ಬರಲಿಲ್ಲ. ಸಿಗ್ನಲು ಬಿಟ್ಟರೂ ಅವನಿಗೆ ಗಾಡಿ ಹೊರಡಿಸುವ ನೆನಪಿರಲಿಲ್ಲ. ಹಿಂದಿನವರು ಹಾರ್ನು ಹೊಡೆದು ಬೈದರು.

ಅಂದಿನಿಂದ ನಮ್ಮ ಮನೆಯಲ್ಲಿ ಜ್ವರ ಹೋಗಿಲ್ಲ. ಪುಸ್ತಕ ತೆಗೆ ಎಂದರೆ ಸೂಜಿಗೆ ಜ್ವರ. ಶಾಲೆಯ ಚೀಲ ಕಂಡರೆ ಜ್ವರ. ಅಂಗಡಿಗೆ ಬಂದವರು ಏನಾದರೂ ಓದಿ ಹೇಳು ಮರಿ ಎಂದರೆ, ಕೈಯನ್ನು ಹಣೆಗೆ ಇಟ್ಟುಕೊಂಡು ಒಳಗೆ ಹೋಗಿಬಿಡುತ್ತಾಳೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಗು ಚೆನ್ನಾಗಿದೆ, ಮಾತಾಡಿಸಿ ಎಂದರು. ಏನೆಂದು ಮಾತಾಡಿಸಲಿ? ರಜೆಗೆ ಮೊದಲು ಎಷ್ಟೋ ದಿನ ಅವಳು ಶಾಲೆಗೆ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಮಗು ಬಾರದಿದ್ದರೆ ಯಾರಿಗೂ ಚಿಂತೆಯಿಲ್ಲ, ಬಂದರೇ ತೊಂದರೆ ಎನ್ನುವ ಜಾಗ ಒಂದು ಶಾಲೆಯೇ? ನೀನೂ ಕೇಳಲಿಲ್ಲ. ಫೋನು ಮಾಡಿದಾಗಲೆಲ್ಲ, "ಸೂಜಿ ಹೇಗಿದ್ದಾಳೆ?" ಎನ್ನುತ್ತಿದ್ದೆ. ಜ್ವರ ಎಂದು ನಾನು ಹೇಳಿದರೆ ನೀನು ಮೀಟಿಂಗ್ ಇದೆ ಎಂದು ಇಟ್ಟುಬಿಡುತ್ತಿದ್ದೆ. ಹಾಗೆ ಇಟ್ಟುಬಿಡುವುದರಲ್ಲೇ ನಿನಗೆ ಎಲ್ಲ ಗೊತ್ತಿದೆ ಎಂದು ನನಗೂ ಗೊತ್ತಿತ್ತು.

ಕಿಟಕಿ ಟೀಚರ್ ಒಮ್ಮೆ ಅಂಗಡಿಗೆ ಬಂದಿದ್ದಳು. ಕೋಟಿನ ತೋಳು ಹರಿದಿತ್ತು, ಹೊಲಿಸಲು. ಸೂಜಿ ಬಾಗಿಲ ಸಂದಿಯಿಂದ ಅವಳನ್ನು ನೋಡಿ ಓಡಿಬಿಟ್ಟಳು. ಟೀಚರ್ ನನ್ನ ಮುಖ ನೋಡಲಾರದೆ ಮೇಜಿನ ಮೇಲಿನ ಕತ್ತರಿಯನ್ನೇ ನೋಡುತ್ತಿದ್ದಳು. "ಅಮ್ಮಾ, ಅವಳು ಇನ್ನೇನು ಹಿಡ್ಕೊಳ್ತಾ ಇದ್ಲು. ಇನ್ನೊಂದಷ್ಟು ದಿನ ಬಿಡದೆ ಮಾಡಿದ್ರೆ ಸಾಕಿತ್ತು. ನಡುವೆ ಬಿಟ್ರೆ ಕಲಿತಿದ್ದೂ ಜಾರುತ್ತೆ" ಎಂದಳು. ಹೋಗುವಾಗ ಆ ಕಿಂಡಿಯ ರಟ್ಟನ್ನು ಕೊಟ್ಟು ಹೋದಳು. ಅವಳ ಮೇಲೆ ರೇಗಾಡಬೇಡ. ನಿನ್ನ ವಿರುದ್ಧ ಅವಳು ಒಂದು ಮಾತೂ ಆಡಲಿಲ್ಲ.

ರಟ್ಟು ಕೈಗೆ ಬಂತಲ್ಲ, ನಾನೇ ಕಲಿಸಿಬಿಡುತ್ತೇನೆ ಎಂದುಕೊಂಡೆ. ಹೈಸ್ಕೂಲು ಓದಿದವಳು, ಇಷ್ಟು ದೊಡ್ಡ ಅಂಗಡಿ ನಡೆಸಿದವಳು, ಎರಡು ಮಕ್ಕಳನ್ನು ಒಬ್ಬಳೇ ದಡ ಸೇರಿಸಿದವಳು, ಒಂದು ಮಗುವಿಗೆ ನಾಲ್ಕು ಅಕ್ಷರ ಕಲಿಸಲಾರೆನೇ? ದಿನವೂ ಕೂರಿಸಿದೆ. ರಟ್ಟಿನ ಕಿಂಡಿಯಲ್ಲಿ ಪದ ಕಾಣಿಸುತ್ತಿತ್ತು. ಅವಳು ಹೇಳುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಕಾದರೂ, ಅವಳು ತಪ್ಪಿದರೆ ಮುಂದೇನು ಮಾಡಬೇಕು, ಹಿಂದೆ ಎಲ್ಲಿಗೆ ಹೋಗಬೇಕು, ನನಗೆ ತಿಳಿಯುತ್ತಿರಲಿಲ್ಲ. ಪಾಠ ಪ್ರತಿ ದಿನ ಬಾರದ ಪದಕ್ಕೇ ಬಂದು ನಿಲ್ಲುತ್ತಿತ್ತು. ಒಂದು ದಿನ ನಾನು ಮೇಜು ಗುದ್ದಿದೆ. ಅವಳು ಹಣೆಗೆ ಕೈ ಹಚ್ಚಿಕೊಂಡಳು. ರಟ್ಟನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿದೆ. ನನ್ನ ಕೈಲಿ ಆಗಲಿಲ್ಲ. ಈ ಮಾತನ್ನು ನಾನು ಬದುಕಿನಲ್ಲಿ ಯಾರಿಗೂ ಹೇಳಿದವಳಲ್ಲ, ನಿನಗೆ ಬರೆದು ಕೊಡುತ್ತಿದ್ದೇನೆ. ಅದು ಪ್ರೀತಿಗಾಗಲಿ ಹಟಕ್ಕಾಗಲಿ ಬಗ್ಗುವ ಕೆಲಸವಲ್ಲ. ಕಲಿಸೋರೇ ಕಲಿಸ್ಬೇಕು ಎಂದು ನೀನು ಹೇಳಿದ್ದೇ ನಿಜ. ಕಲಿಸುವವಳು ನಿನ್ನ ಮೆಟ್ಟಿಲ ಕೆಳಗಿದ್ದಾಳೆ. ಬಾಗಿಲು ನಿನ್ನ ಕೈಯಲ್ಲಿದೆ.

ಮೊನ್ನೆಯ ಸಂಗತಿಯೊಂದು ಹೇಳಿ ಮುಗಿಸುತ್ತೇನೆ. ಸುಮ್ಮನೆ ಕೂರುವುದಕ್ಕಿಂತ ಕೈಗೆ ಕೆಲಸವಿರಲಿ ಎಂದು ಸೂಜಿಯನ್ನು ಮೇಜಿನ ಬಳಿ ನಿಲ್ಲಿಸಿದೆ. ನೀನು ನಿಲ್ಲುತ್ತಿದ್ದ ಅದೇ ಸ್ಟೂಲಿನ ಮೇಲೆ. ಕೈ ಚುರುಕು, ಥೇಟ್ ನಿನ್ನದೇ. ನಾನು ಹೊಲಿಗೆ ಮಷೀನಿನಿಂದ ಎದ್ದು ಬಂದು ನೋಡಿದರೆ ನಡುವಿನ ರಾಶಿಯೇ ಇಲ್ಲ. ಎಲ್ಲ ಬಲಕ್ಕೆ ಬಿದ್ದಿವೆ. ಅಂಚು ಬಿಚ್ಚಿದ್ದು, ಒಂದು ಮೂಲೆ ಹರಿದದ್ದು, ಎರಡು ಹೊಲಿಗೆಗೆ ಸರಿಹೋಗುವಂಥವು, ಎಲ್ಲ ಚಿಂದಿಯ ಬುಟ್ಟಿಯಲ್ಲಿ.

"ಇದೇನೇ, ಇದಕ್ಕೆಲ್ಲ ತೇಪೆ ಹಾಕ್ಬಹುದಲ್ಲ" ಎಂದೆ.

ಅವಳು ಕೈ ನಿಲ್ಲಿಸದೆ ಹೇಳಿದಳು: "ಇದಕ್ಕೆ ಟೈಮ್ ಹಾಕೋದು ದಂಡ ಅಜ್ಜಿ."

ಅಡುಗೆಮನೆಯಲ್ಲಿ ನೀನು ಅದನ್ನು ಹೇಳಿದ ದಿನ ಅವಳು ಅಲ್ಲೇ ಊಟದ ಮೇಜಿನ ಕೆಳಗೆ ಕೂತು ದಿಂಬಿನ ಕವರು ಜೋಡಿಸುತ್ತಿದ್ದಳು. ನಾನೂ ಮರೆತಿದ್ದೆ, ನೀನೂ ಮರೆತಿದ್ದೆ. ಓದು ಬಂತು ಅಂತ ಕಾಣುತ್ತೆ ಎಂದು ನಗುತ್ತ ಬಂದಿದ್ದ ಮಗು, ಆ ಸಂಜೆಯಿಂದ ಅತ್ತೆಯ ಆ ಮಾತನ್ನೂ ನಂಬಿಕೊಂಡೇ ಇತ್ತು. ಹಾಸುಬಟ್ಟೆಯನ್ನು ಬಲಕ್ಕೆ ಎಸೆದರೆ ಅದು ಬಿದ್ದಲ್ಲಿ ಬಿದ್ದಿರುತ್ತದೆ. ಅದು ಮಾತು ಕೇಳಿಸಿಕೊಳ್ಳುವುದಿಲ್ಲ, ತನಗೆ ಮಾತ್ರೆ ಕೊಡು ಎನ್ನುವುದಿಲ್ಲ. ಮೂರು ರಾಶಿ ಮಾಡಲು ಕಲಿಸಿದಾಗ ಇದನ್ನು ಬೇರೆಯಾಗಿ ಹೇಳಬೇಕು ಎಂದು ನನಗೆ ತೋಚಲಿಲ್ಲ. ನನ್ನ ಮಗಳಿಗೆ ಅದನ್ನೂ ಹೇಳಿಕೊಡಬೇಕೇ ಎಂದುಕೊಂಡಿದ್ದೆ.

ಸೋಮವಾರ ಶಾಲೆ ತೆರೆಯುತ್ತದೆ. ಭಾನುವಾರ ನೀನು ಹಾರ ಹಾಕಿಸಿಕೋ, ಬೇಡ ಎನ್ನುವುದಿಲ್ಲ. ಸೋಮವಾರ ಮೊದಲ ಗಂಟೆಗೆ ನಾನು ಸೂಜಿಯನ್ನು ಕರೆತಂದು ಮೆಟ್ಟಿಲ ಕೆಳಗಿನ ಕೋಣೆಯ ಮುಂದೆ ಕೂರಿಸುತ್ತೇನೆ. ನಾನೂ ಪಕ್ಕದಲ್ಲಿ ಕೂರುತ್ತೇನೆ. ಅಂಗಡಿಯನ್ನು ಸೊಸೆ ನೋಡಿಕೊಳ್ಳುತ್ತಾಳೆ. ಆ ವಾರ ಪೂರ್ತಿ ಕೂರಬೇಕಾದರೂ ಕೂರುತ್ತೇನೆ. ಹೆಡ್‌ಮಿಸ್ಸಿನ ಮನೆಯ ಮಗು ಎಂದು ಅವಳೊಬ್ಬಳನ್ನು ಒಳಗೆ ಬಿಟ್ಟುಕೊಂಡು ನನ್ನ ಬಾಯಿ ಮುಚ್ಚಿಸಲು ನೋಡಬೇಡ. ಗೋಡೆಯ ಮೇಲೆ ಬನ್ ತಿನ್ನುತ್ತಿದ್ದ ಆ ಹುಡುಗನೂ ಒಳಗೆ ಹೋಗಬೇಕು. ಆ ಬೆಂಚು ಪೂರ್ತಿ ಹೋಗಬೇಕು.

ಆದರೆ ಅದಕ್ಕೂ ಮೊದಲು ನೀನು ಮಾಡಬೇಕಾದದ್ದು ಒಂದಿದೆ, ಅದನ್ನು ಬೇರೆ ಯಾರೂ ಮಾಡಲಾರರು. ಎಷ್ಟು ಹೊತ್ತಿಗೆ ಕರೆತಂದರೂ ಅವಳು ತನಗೆ ಜ್ವರ ಎನ್ನುತ್ತಾಳೆ. ಥರ್ಮಾಮೀಟರನ್ನು ಅವಳು ನಂಬುವುದಿಲ್ಲ. ಡಾಕ್ಟರನ್ನು ನಂಬಲಿಲ್ಲ. ನನ್ನನ್ನಂತೂ ಯಾವತ್ತೂ ನಂಬಿದವಳಲ್ಲ, ಬರೀ ಹೆದರುತ್ತಾಳೆ. ನೀನು ನಿನ್ನ ಕೋಣೆಯಿಂದ ಎದ್ದು ಬಾ. ಎಲ್ಲರೆದುರು ಅವಳ ಮುಂದೆ ಬಗ್ಗಿ, ಹಣೆ ಮುಟ್ಟಿ ನೋಡು. ಜ್ವರ ಇಲ್ಲ ಪುಟ್ಟ, ಯಾವತ್ತೂ ಇರಲಿಲ್ಲ ಎಂದು ನಿನ್ನ ಬಾಯಲ್ಲೇ ಹೇಳು. ಆಗಲೂ ನಂಬುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ.

ನಿನ್ನ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ, ಹರಸದೆ ಕಾಗದ ಮುಚ್ಚಲು ಕೈ ಬರುವುದಿಲ್ಲ. ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಒಂದು ಮಾತಿಗೆ ಮಗುವನ್ನು ಮಲಗಿಸುವ ಬಲವಿತ್ತು, ಎಬ್ಬಿಸುವ ಬಲವೂ ಅದಕ್ಕೆ ಉಳಿದಿರಲಿ.

ಸೋಮವಾರ ಬೆಂಚಿನ ಮೇಲೆ ಕಾಯುತ್ತಿರುವ,
ನಿನ್ನ ಅಮ್ಮ